ದಾರಿ ಕೇಳುವ ಪರಂಪರೆ: ಬೇಗೂರು ಸೀಮೆಯ ಸಾರ್ವಜನಿಕ ಸಂಚಾರ ಮತ್ತು ನಗರ ಜಾನಪದ

ಪೀಠಿಕೆ

ನಗರ ಬೆಳೆದಲ್ಲಿ ಜಾನಪದ ಅಳಿಯುತ್ತದೆ ಎಂಬ ಭಾವನೆ ನಮ್ಮ ಅಧ್ಯಯನ ವಲಯದಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಹಳ್ಳಿಯ ಹಾಡು, ಕತೆ, ಆಚರಣೆಗಳ ಸಂಗ್ರಹಕ್ಕೆ ದೊರೆತ ಆದ್ಯತೆ ನಗರದ ಜನಸಮೂಹಗಳ ಮೌಖಿಕ ವ್ಯವಹಾರಗಳಿಗೆ ದೊರೆಯಲಿಲ್ಲ. ಸಮಾನವಾದ ಯಾವುದಾದರೊಂದು ಅಂಶವನ್ನು ಹಂಚಿಕೊಂಡು, ತನ್ನದೆಂದು ಹೇಳಿಕೊಳ್ಳುವ ಕೆಲವು ಪರಂಪರೆಗಳನ್ನು ಹೊಂದಿರುವ ಯಾವ ಗುಂಪನ್ನಾದರೂ 'ಜನಪದ' ಎಂದು ಕರೆಯಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡಸ್ ಪ್ರತಿಪಾದಿಸಿದ ಮೇಲೆ ಈ ನಿಲುವು ಸಡಿಲಗೊಂಡಿತು. ಈ ವ್ಯಾಖ್ಯೆಯನ್ನು ಒಪ್ಪುವುದಾದರೆ, ದಿನವೂ ಒಂದೇ ಹೊತ್ತಿಗೆ ಒಂದೇ ನಿಲ್ದಾಣದಲ್ಲಿ ಕಾದು ನಿಲ್ಲುವ ಬಸ್ ಪ್ರಯಾಣಿಕರೂ ಒಂದು ಜನಪದವೇ. ಅವರಿಗೆ ಅವರದೇ ಆದ ಭಾಷೆ, ಶಿಷ್ಟಾಚಾರ, ನಂಬಿಕೆ ಹಾಗೂ ತಿಳಿವಳಿಕೆಗಳಿವೆ.

ಸ್ವಂತ ವಾಹನವಿಲ್ಲದೆ ಮಹಾನಗರದಲ್ಲಿ ಸಂಚರಿಸುವವರು ಯಾವ ಬಗೆಯ ಮೌಖಿಕ ಜ್ಞಾನವನ್ನು ಅವಲಂಬಿಸಿದ್ದಾರೆ, ಆ ಜ್ಞಾನ ಹೇಗೆ ರೂಪುಗೊಂಡಿದೆ, ಇಂದು ಅದು ಯಾವ ಬಗೆಯ ಪಲ್ಲಟಕ್ಕೆ ಒಳಗಾಗುತ್ತಿದೆ ಎಂಬುದನ್ನು ಬೆಂಗಳೂರಿನ ದಕ್ಷಿಣ ಭಾಗದ ಬೇಗೂರನ್ನು ಕೇಂದ್ರವಾಗಿರಿಸಿಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೇಗೂರಿನ ಜೊತೆಗೆ ಅದರ ನೆರೆಯ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಹಾಗೂ ಹೊಸೂರು ರಸ್ತೆಯ ಊರುಗಳು ಈ ಚರ್ಚೆಯ ವ್ಯಾಪ್ತಿಗೆ ಬರುತ್ತವೆ.

ಬೇಗೂರಿನ ಪ್ರಾಚೀನತೆ

ಬೇಗೂರು ಬೆಂಗಳೂರಿಗಿಂತ ಹಳೆಯ ಪ್ರಸಿದ್ಧಿಯುಳ್ಳ ಊರು. ಶಾಸನಗಳಲ್ಲಿ ಇದನ್ನು ಬೆಂಪೂರು ಎಂದು ಕರೆಯಲಾಗಿದೆ. ಇಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವೊಂದನ್ನು ಉಲ್ಲೇಖಿಸುತ್ತದೆ. 'ಬೆಂಗಳೂರು' ಎಂಬ ಹೆಸರಿಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಆಧಾರ ಇದೇ ಆಗಿದೆ. ಬೇಗೂರಿನಿಂದಲೇ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ಇನ್ನೊಂದು ವೀರಗಲ್ಲಿನಲ್ಲಿ ಗಂಗರಿಗೂ ನೊಳಂಬರಿಗೂ ನಡೆದ ಯುದ್ಧದ ವಿಸ್ತಾರವಾದ ಶಿಲ್ಪಚಿತ್ರಣವಿದೆ. ಗಂಗರ ಎರೆಯಪ್ಪನು ಇರುಗನೆಂಬವನಿಗೆ ಬೆಂಪೂರು-12ನ್ನು ಕಲ್ನಾಡಾಗಿ ಕೊಟ್ಟ ವಿಷಯವೂ ಅದರಲ್ಲಿದೆ.

ಬೆಂಪೂರು-12 ಎಂಬ ಆಡಳಿತ ಘಟಕ ನಮ್ಮ ವಿಷಯಕ್ಕೆ ಮುಖ್ಯವಾದುದು. ಹನ್ನೆರಡು ಊರುಗಳ ಕೂಟವೆಂದರೆ ಅವುಗಳ ನಡುವೆ ನಡೆದಾಡುವ ಹಾದಿಗಳೂ ಇದ್ದುವೆಂದೇ ಅರ್ಥ. ಕೆರೆ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ತೋಪಿನ ಅಂಚಿನಲ್ಲಿ ಊರಿಂದೂರಿಗೆ ಸಾಗುವ ಈ ಹಾದಿಗಳ ನಡುವೆ ಬೇಗೂರು ಒಂದು ಕೇಂದ್ರವಾಗಿತ್ತು. ಇತ್ತೀಚಿನ ಕಾಲದಲ್ಲಿಯೂ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ ಕೇಂದ್ರವಾಗಿ ಬೇಗೂರು ಆ ಸ್ಥಾನವನ್ನು ಉಳಿಸಿಕೊಂಡು ಬಂದಿದೆ. ಆದರೆ ನಗರ ಬೆಳೆದ ಬಗೆ ಬೇರೆ. ಕೋಟೆ-ಪೇಟೆಯನ್ನು ನಡುವಿನಲ್ಲಿಟ್ಟುಕೊಂಡು ಹೊಸೂರಿಗೆ, ಬನ್ನೇರುಘಟ್ಟಕ್ಕೆ, ಕನಕಪುರಕ್ಕೆ ರಸ್ತೆಗಳು ಚಕ್ರದ ಅರೆಗಳಂತೆ ಹೊರಟವು. ಬಸ್ಸುಗಳೂ ಈ ಅರೆಗಳನ್ನೇ ಅನುಸರಿಸಿದವು. ಪೂರ್ವದ ಹೊಸೂರು ರಸ್ತೆಗೂ ಪಶ್ಚಿಮದ ಬನ್ನೇರುಘಟ್ಟ ರಸ್ತೆಗೂ ನಡುವಿನ ಎಡೆಯಲ್ಲಿ ಬೇಗೂರು ಉಳಿಯಿತು. ಒಂದು ಕಾಲದಲ್ಲಿ ಹನ್ನೆರಡು ಊರುಗಳ ಕೇಂದ್ರವಾಗಿದ್ದುದು ಎರಡು ಹೆದ್ದಾರಿಗಳ ನಡುವಣ 'ಒಳಗಿನ ಊರು' ಆದುದು ಹೀಗೆ. ಇಂದಿನ ಬೇಗೂರಿನ ಸಂಚಾರ ಸಮಸ್ಯೆಯ ಬೇರು ಇಲ್ಲಿದೆ. ಎತ್ತಿನ ಗಾಡಿಯ ಅಳತೆಗೆ ಹುಟ್ಟಿದ ರಸ್ತೆಗಳೇ ಬಡಾವಣೆಗಳ ಎಲ್ಲ ದಟ್ಟಣೆಯನ್ನೂ ಹೊರಬೇಕಾಗಿದೆ.

ಬೆಂಗಳೂರಿನ ಹೆಸರಿನ ಬಗೆಗಿನ ಜನಪ್ರಿಯ ಐತಿಹ್ಯವನ್ನೂ ಇಲ್ಲಿ ನೆನೆಯಬೇಕು. ಬೇಟೆಗೆ ಹೋದ ವೀರಬಲ್ಲಾಳ ದಾರಿ ತಪ್ಪಿ, ಹಸಿದು, ಮುದುಕಿಯೊಬ್ಬಳ ಗುಡಿಸಲಿಗೆ ಬಂದು ಬೇಯಿಸಿದ ಕಾಳು ತಿಂದನೆಂದೂ, ಅದರಿಂದ 'ಬೆಂದಕಾಳೂರು' ಎಂಬ ಹೆಸರು ಬಂತೆಂದೂ ಜನ ಹೇಳುತ್ತಾರೆ. ಹೊಯ್ಸಳ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ಶಾಸನದಲ್ಲೇ ಈ ಹೆಸರು ಇರುವುದರಿಂದ ಐತಿಹ್ಯ ಚರಿತ್ರೆಯಾಗಿ ನಿಲ್ಲುವುದಿಲ್ಲ. ಆದರೆ ಅದರ ಆಶಯ ಗಮನಾರ್ಹವಾದುದು. ದಾರಿ ತಪ್ಪಿದ ಪರಸ್ಥಳದವನಿಗೆ ಸ್ಥಳೀಯ ಮುದುಕಿಯೊಬ್ಬಳು ಆಸರೆಯಾಗುವ ಕತೆಯನ್ನೇ ಈ ನಗರದ ಜನ ತಮ್ಮ ಊರಿನ ಮೂಲಕತೆಯಾಗಿ ಆಯ್ದುಕೊಂಡಿದ್ದಾರೆ.

ಬಸ್ಸು ಬಂದ ಬಗೆ

ಬೆಂಗಳೂರಿನಲ್ಲಿ ಸಂಘಟಿತ ನಗರ ಬಸ್ ಸೇವೆ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯೊಂದಿಗೆ ಆರಂಭವಾಯಿತು. 1956ರಲ್ಲಿ ಇದರ ರಾಷ್ಟ್ರೀಕರಣವಾಗಿ ಮುಂದೆ ಬಿ.ಟಿ.ಎಸ್. ಎಂಬ ಹೆಸರಿನಿಂದ ಜನಜನಿತವಾಯಿತು. 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಪ್ರತ್ಯೇಕವಾಗಿ ಅಸ್ತಿತ್ವಕ್ಕೆ ಬಂತು. ಹೆಸರು ಬದಲಾದ ಮೇಲೂ ಹಿರಿಯ ತಲೆಮಾರಿನವರ ಮಾತಿನಲ್ಲಿ 'ಬಿ.ಟಿ.ಎಸ್. ಬಸ್ಸು' ಉಳಿದುಕೊಂಡಿದೆ. ಸಂಸ್ಥೆಗಳ ಅಧಿಕೃತ ನಾಮಕರಣಕ್ಕೂ ಜನರ ನಾಲಗೆಗೂ ನಡುವೆ ಯಾವಾಗಲೂ ಒಂದು ಅಂತರವಿರುತ್ತದೆ ಎಂಬುದಕ್ಕೆ ಇದು ಸರಳ ನಿದರ್ಶನ.

ಹೊರವಲಯದ ಹಳ್ಳಿಗಳ ಮಟ್ಟಿಗೆ ಬಸ್ಸು ಕೇವಲ ವಾಹನವಾಗಿರಲಿಲ್ಲ. ಹೂವು, ಸೊಪ್ಪು, ತರಕಾರಿ, ಹಾಲುಗಳನ್ನು ಪೇಟೆಗೆ ಸಾಗಿಸುವ ಸಾಧನವೂ ಅದೇ, ಪೇಟೆಯ ಸುದ್ದಿಯನ್ನು ಹಳ್ಳಿಗೆ ತರುವ ದೂತನೂ ಅದೇ. 'ಮೊದಲನೇ ಬಸ್ಸು', 'ನೈಟ್ ಹಾಲ್ಟ್ ಬಸ್ಸು' ಎಂಬ ಪದಗಳು ಹಳ್ಳಿಗರ ಕಾಲಗಣನೆಯ ಭಾಗವಾದವು. ಗಡಿಯಾರದ ಬದಲಿಗೆ 'ಬೆಳಗಿನ ಬಸ್ಸು ಹೋದ ಮೇಲೆ' ಎಂದು ಹೊತ್ತನ್ನು ಗುರುತಿಸುವ ಪರಿಪಾಠ ಕರ್ನಾಟಕದ ಹಳ್ಳಿಗಳಲ್ಲೆಲ್ಲ ಕಂಡುಬರುತ್ತದೆ. ರಾತ್ರಿ ಊರಿನಲ್ಲೇ ತಂಗುವ ಬಸ್ಸಿನ ಚಾಲಕ-ನಿರ್ವಾಹಕರಿಗೆ ಊಟ ನೀಡುವುದು, ಮಲಗಲು ದೇವಸ್ಥಾನದ ಜಗಲಿಯನ್ನೋ ಶಾಲೆಯನ್ನೋ ಬಿಟ್ಟುಕೊಡುವುದು, ಹಬ್ಬದಂದು ಬಸ್ಸಿಗೂ ಹೂವಿನ ಹಾರ ಹಾಕುವುದು ಇವೆಲ್ಲ ಅತಿಥಿ ಸತ್ಕಾರದ ಹಳೆಯ ಪರಂಪರೆಯ ಮುಂದುವರಿಕೆಗಳು.

ಸಂಚಾರದ ಮೌಖಿಕ ವ್ಯಾಕರಣ

ನಗರ ಸಂಚಾರದ ಮೌಖಿಕ ಜ್ಞಾನವನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು: ಸಂಖ್ಯೆಗಳ ಜ್ಞಾನ, ಕೂಗುಗಳ ಜ್ಞಾನ ಮತ್ತು ಹೆಸರುಗಳ ಜ್ಞಾನ.

ಮೊದಲನೆಯದು ಸಂಖ್ಯೆಗಳದು. ಬನ್ನೇರುಘಟ್ಟದ ದಾರಿಗೆ 365, ಹೊಸೂರು ರಸ್ತೆಗೆ 356, ಹೊರವರ್ತುಲ ರಸ್ತೆಗೆ 500 ಎಂಬ ಮೂಲ ಸಂಖ್ಯೆಗಳು, ಅವುಗಳ ಮುಂದೆ ಸೇರುವ ಅಕ್ಷರಗಳು ಪ್ರಯಾಣಿಕನಿಗೆ ದಿಕ್ಕನ್ನೂ ತಿರುವನ್ನೂ ಸೂಚಿಸುತ್ತವೆ. '500ಡಿ', '335ಇ' ಮುಂತಾದುವು ಬೆಂಗಳೂರಿಗರ ಪಾಲಿಗೆ ಅಂಕಿಗಳಾಗಿ ಉಳಿಯದೆ ಅಂಕಿತನಾಮಗಳಾಗಿವೆ. ಓದು ಬಾರದವರೂ ಮೂರು ಅಂಕಿಗಳ ಆಕಾರವನ್ನು ಚಿತ್ರದಂತೆ ನೆನಪಿಟ್ಟುಕೊಳ್ಳುತ್ತಾರೆ. ರಂಗೋಲಿಯ ಚುಕ್ಕಿಗಳನ್ನು ಲೆಕ್ಕವಿಲ್ಲದೆ ಕೈಯಭ್ಯಾಸದಿಂದ ಇಡುವ ಕ್ರಮಕ್ಕೂ ಇದಕ್ಕೂ ಹೋಲಿಕೆಯಿದೆ.

ಎರಡನೆಯದು ಕೂಗು. ಒಂದು ಸೀಟಿಗೆ ಬಸ್ಸು ನಿಲ್ಲುವುದು, ಎರಡು ಸೀಟಿಗೆ ಹೊರಡುವುದು, 'ರೈಟ್ ರೈಟ್', 'ಹೋಲ್ಡಾನ್' ಎಂಬ ಪದಗಳು, ನಿಲ್ದಾಣಗಳ ಹೆಸರನ್ನು ಒಂದೇ ಉಸಿರಿನಲ್ಲಿ ಜೋಡಿಸಿ ಕೂಗುವ ಲಯ, 'ಮುಂದೆ ಹೋಗಿ', 'ಚಿಲ್ಲರೆ ಕೊಡಿ' ಎಂಬ ನಿತ್ಯದ ಸೂತ್ರಗಳು ನಿರ್ವಾಹಕರ ವೃತ್ತಿಭಾಷೆಯ ಅಂಗಗಳು. ಸಂತೆಯ ಮಾರಾಟದ ಕೂಗುಗಳಂತೆ ಇವೂ ಪುನರಾವರ್ತನೆಯಿಂದ ರೂಪ ಪಡೆದ ಮೌಖಿಕ ಸೂತ್ರಗಳು. ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುವ ಕ್ರಮ ಪ್ರಯಾಣಿಕ ಮತ್ತು ನಿರ್ವಾಹಕರ ನಡುವಿನ ಒಂದು ಅಲಿಖಿತ ಒಪ್ಪಂದ. ಕನ್ನಡ, ತಮಿಳು, ತೆಲುಗು, ಉರ್ದುಗಳನ್ನು ಬೇಕಾದಂತೆ ಬೆರೆಸಿ ಮಾತನಾಡುವ ಹೊಸೂರು ರಸ್ತೆಯ ಬಸ್ಸಿನ ಭಾಷೆ ಈ ಸೀಮೆಯ ಚರಿತ್ರೆಗೆ ಅನುಗುಣವಾಗಿಯೇ ಇದೆ. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನದಲ್ಲಿ ಬೆಂಗಳೂರು 'ವೆಂಗಳೂರು' ಆಗಿರುವುದನ್ನು ನೆನೆದರೆ ಈ ಬಹುಭಾಷಿಕತೆ ಇಂದಿನದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮೂರನೆಯದೂ ಅತ್ಯಂತ ಮಹತ್ವದ್ದೂ ಆದುದು ಹೆಸರುಗಳ ಜ್ಞಾನ. ಇದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ನಿಲ್ದಾಣದ ಹೆಸರು: ಸ್ಥಳನಾಮದ ಕೊನೆಯ ಆಸರೆ

ಸ್ಥಳನಾಮ ಅಧ್ಯಯನಕಾರರಿಗೆ ಬೆಂಗಳೂರಿನ ಬಸ್ ನಿಲ್ದಾಣಗಳ ಪಟ್ಟಿಯೇ ಒಂದು ಆಕರ. ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ, ಬೈರಸಂದ್ರ ಈ ಹೆಸರುಗಳ ಉತ್ತರಪದವಾದ 'ಸಂದ್ರ'ವು 'ಸಮುದ್ರ'ದ ತದ್ಭವ. ದೊಡ್ಡ ಕೆರೆಗಳನ್ನು ಸಮುದ್ರವೆಂದು ಕರೆಯುವ ವಾಡಿಕೆಯಿಂದ ಇವು ಬಂದಿವೆ. ಅರೆಕೆರೆ, ಗೊಟ್ಟಿಗೆರೆ, ತಾವರೆಕೆರೆಗಳಲ್ಲಿ ಕೆರೆ ನೇರವಾಗಿಯೇ ಇದೆ. ರೂಪೇನ ಅಗ್ರಹಾರ, ಬೆರಟೇನ ಅಗ್ರಹಾರ, ಕೋನಪ್ಪನ ಅಗ್ರಹಾರಗಳು ದತ್ತಿ ಗ್ರಾಮಗಳ ನೆನಪನ್ನು ಉಳಿಸಿವೆ. 'ಕೂಡ್ಲು ಗೇಟ್' ಎಂಬಲ್ಲಿಯ 'ಗೇಟ್' ಎಂದರೆ ಬಾಗಿಲಲ್ಲ. ಹೆದ್ದಾರಿಯಿಂದ ಒಳಗಿನ ಹಳ್ಳಿಗೆ ದಾರಿ ಕವಲೊಡೆಯುವ ಸ್ಥಳ. ಇಂಗ್ಲಿಷ್ ಪದವೊಂದು ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ಈ ಹೊಸ ಅರ್ಥವನ್ನು ಪಡೆದುಕೊಂಡಿದೆ.

ಹೊಸ ಬಡಾವಣೆಗಳು ಹಳ್ಳಿಗಳನ್ನು ನುಂಗಿದರೂ ಹೆಸರುಗಳನ್ನು ಪೂರ್ತಿ ಅಳಿಸಲಾಗಿಲ್ಲ. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಊರುಗಳು ಅಡಗಿವೆ. ಎಚ್.ಎಸ್.ಆರ್. ಎಂಬುದರಲ್ಲಿ ಹೊಸೂರು ಮತ್ತು ಸರ್ಜಾಪುರದ ರಸ್ತೆಗಳಿವೆ. ನಗರದ ಮುಖ್ಯ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಕೆರೆಯ ಹೆಸರು ಮರೆಯಾಗಿ, ಒಂದು ಚಿತ್ರಮಂದಿರದ ಹೆಸರಾದ 'ಮೆಜೆಸ್ಟಿಕ್' ನಿಂತಿತು. ಚಿತ್ರಮಂದಿರ ಹೋದ ಮೇಲೂ ಹೆಸರು ಹೋಗಲಿಲ್ಲ. ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟಾಗಲೂ ಜನರ ಮಾತನ್ನು ಮಾನ್ಯ ಮಾಡಿ 'ಮೆಜೆಸ್ಟಿಕ್' ಎಂದು ಸೇರಿಸಬೇಕಾಯಿತು.

ಕೆಲವು ನಿಲ್ದಾಣಗಳು ಐತಿಹ್ಯಗಳನ್ನೇ ಹೊತ್ತಿವೆ. ಜಯನಗರದ ಅಂಚಿನ ರಾಗಿಗುಡ್ಡದ ಬಗ್ಗೆ ಪ್ರಚಲಿತವಿರುವ ಕತೆಯಂತೆ, ದಾಸಯ್ಯರ ವೇಷದಲ್ಲಿ ಬಂದ ತ್ರಿಮೂರ್ತಿಗಳಿಗೆ ಸೊಸೆಯೊಬ್ಬಳು ರಾಶಿಯ ರಾಗಿಯನ್ನು ದಾನ ಮಾಡಲು ಹೋದಳು, ಅತ್ತೆ ತಡೆದಳು, ರಾಗಿಯ ರಾಶಿ ಕಲ್ಲಾಗಿ ಗುಡ್ಡವಾಯಿತು. ಅತ್ತೆ-ಸೊಸೆಯರ ಕತೆಗಳ ಆಶಯವೂ ದಾನದ ಮಹಿಮೆಯ ಆಶಯವೂ ಇಲ್ಲಿ ಕೂಡಿವೆ. ಇಂದು ರಾಗಿಗುಡ್ಡ ಒಂದು ಮೆಟ್ರೊ ನಿಲ್ದಾಣ. ಪ್ರತಿದಿನ ರೈಲಿನೊಳಗೆ ಉಚ್ಚರಿಸಲ್ಪಡುವ ಈ ಹೆಸರು ಕತೆಯನ್ನು ಕೇಳುವ ಅವಕಾಶವನ್ನಾದರೂ ತೆರೆದಿಟ್ಟಿದೆ.

ಹೀಗೆ ನೋಡಿದಾಗ, ಊರು ಅಳಿದ ಮೇಲೆ ಅದರ ಹೆಸರಿಗೆ ಉಳಿಯುವ ಕೊನೆಯ ಆಸರೆ ಬಸ್ ನಿಲ್ದಾಣ. ಕಂದಾಯ ದಾಖಲೆಯಲ್ಲಿ ಸರ್ವೆ ನಂಬರೂ, ಅಂಚೆಯಲ್ಲಿ ಪಿನ್ ಸಂಖ್ಯೆಯೂ ಸಾಕಾಗುತ್ತವೆ. ಇಳಿಯಬೇಕಾದವನು ಮಾತ್ರ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕು.

ಮೇಲುದಾರಿ ಮತ್ತು ಕೆಳದಾರಿ

ಹೊಸೂರು ರಸ್ತೆಯಲ್ಲಿ ರೇಷ್ಮೆ ಮಂಡಳಿ ವೃತ್ತದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ಹೆದ್ದಾರಿ 2010ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಮೇಲೆ ಸುಂಕ ತೆತ್ತು ಸಾಗುವ ವಾಹನಕ್ಕೆ ನಡುವಿನ ಊರುಗಳು ಕಾಣುವುದೂ ಇಲ್ಲ, ಬೇಕಾಗಿಯೂ ಇಲ್ಲ. ಕೆಳಗಿನ ರಸ್ತೆಯಲ್ಲಿ ಬೊಮ್ಮನಹಳ್ಳಿ, ಗಾರೆಬಾವಿಪಾಳ್ಯ, ಕೂಡ್ಲು ಗೇಟ್, ಸಿಂಗಸಂದ್ರಗಳಲ್ಲಿ ಜನ ಹತ್ತುತ್ತಾರೆ, ಇಳಿಯುತ್ತಾರೆ, ದಾರಿ ಕೇಳುತ್ತಾರೆ. ಒಂದೇ ರಸ್ತೆಯಲ್ಲಿ ಎರಡು ಬಗೆಯ ಭೂಗೋಳಗಳು ಹೀಗೆ ಒಂದರ ಮೇಲೊಂದು ನಿಂತಿವೆ. ಮೇಲಿನದು ಆರಂಭ ಮತ್ತು ಕೊನೆಯನ್ನು ಮಾತ್ರ ಬಲ್ಲುದು; ಕೆಳಗಿನದು ನಡುವಣ ಊರುಗಳನ್ನೆಲ್ಲ ಬಲ್ಲುದು.

ಈ ಕೆಳದಾರಿಯ ಬಹುಮುಖ್ಯ ಬಳಕೆದಾರರು ಬೊಮ್ಮನಹಳ್ಳಿ-ಬೇಗೂರು ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು. ಭವಿಷ್ಯನಿಧಿಯ ಹಣ ಹಿಂಪಡೆಯುವ ನಿಯಮದ ಬದಲಾವಣೆಯನ್ನು ವಿರೋಧಿಸಿ 2016ರ ಏಪ್ರಿಲ್ 18ರಂದು ಈ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಮರುದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂಪಡೆಯಿತು. ನಡೆದು, ಬಸ್ಸು ಹಿಡಿದು, ಕೂಡಿ ಬಂದು ಕೂಡಿ ಹೋಗುವ ಸಮೂಹದೊಳಗೆ ಮಾತು ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಆ ದಿನಗಳು ತೋರಿಸಿದವು. ಬಸ್ಸಿನ ಮುಂಭಾಗದ ಮಹಿಳೆಯರ ಆಸನಗಳ ಸಾಲು ಅವರ ಪಾಲಿಗೆ ಹರಟೆಕಟ್ಟೆ. ಊರಿನಲ್ಲಿ ಬಾವಿಕಟ್ಟೆ ವಹಿಸುತ್ತಿದ್ದ ಪಾತ್ರವನ್ನು ಇಲ್ಲಿ ಬಸ್ಸು ವಹಿಸಿಕೊಂಡಿದೆ.

2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡಿದ ಮೇಲೆ ಈ ಪಾತ್ರ ಹಿಗ್ಗಿದೆ. ಮನೆಯ ಖರ್ಚಿನ ಲೆಕ್ಕದಿಂದ ಬಸ್ಸಿನ ಹಣ ಹೊರಬಿದ್ದಾಗ ದೇವಸ್ಥಾನ, ತವರು, ಆಸ್ಪತ್ರೆಗಳ ದೂರ ಕಡಿಮೆಯಾಗುತ್ತದೆ. ಮಂಗಳವಾರ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚುವ ಆಚರಣೆಯಂತಹ ನಗರದ ಸ್ತ್ರೀ ಆಚರಣೆಗಳನ್ನು ಬಸ್ ಮಾರ್ಗಗಳಿಂದ ಬೇರ್ಪಡಿಸಿ ಅಧ್ಯಯನ ಮಾಡುವುದು ಸಾಧ್ಯವಿಲ್ಲ.

ಹಳದಿ ಮಾರ್ಗ ಮತ್ತು ಬೇಗೂರು

ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಆರಂಭವಾಯಿತು. ಜಯನಗರ, ಬನಶಂಕರಿಗಳ ಮೂಲಕ ಯಲಚೇನಹಳ್ಳಿಯವರೆಗಿನ ಹಸಿರು ಮಾರ್ಗ 2017ರ ಜೂನ್‌ನಲ್ಲಿಯೂ, ಅಲ್ಲಿಂದ ರೇಷ್ಮೆ ಸಂಸ್ಥೆಯವರೆಗಿನ ವಿಸ್ತರಣೆ 2021ರ ಜನವರಿಯಲ್ಲಿಯೂ ಬಂದವು. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಸುಮಾರು 19 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡು ಮರುದಿನದಿಂದ ಸಾರ್ವಜನಿಕ ಸೇವೆಗೆ ತೆರೆಯಿತು. ಆರಂಭದಲ್ಲಿ ಮೂರೇ ರೈಲುಗಳು 25 ನಿಮಿಷಕ್ಕೊಮ್ಮೆ ಓಡಿದರೂ, ಆ ಮೊದಲ ದಿನವೇ ಮೆಟ್ರೊ ಜಾಲದ ಒಟ್ಟು ಪ್ರಯಾಣಿಕರ ಸಂಖ್ಯೆ 10 ಲಕ್ಷವನ್ನು ದಾಟಿತು.

ಬೊಮ್ಮನಹಳ್ಳಿ ಮತ್ತು ಹೊಂಗಸಂದ್ರ ನಿಲ್ದಾಣಗಳು ಬೇಗೂರಿಗೆ ಸಮೀಪದವು. ಆದರೆ 'ಸಮೀಪ' ಎಂಬುದು ನಕ್ಷೆಯ ಮಾತು. ನಿಲ್ದಾಣದಿಂದ ಊರಿಗೆ ಇರುವ ಕೆಲವು ಕಿಲೋಮೀಟರ್ ಇಕ್ಕಟ್ಟಿನ ಬೇಗೂರು ರಸ್ತೆಯನ್ನು ಬಸ್ಸಿನಲ್ಲೋ ಆಟೊದಲ್ಲೋ ಕಾಲ್ನಡಿಗೆಯಲ್ಲೋ ಕ್ರಮಿಸಬೇಕು. ಇಲ್ಲಿ ದರದ ಪ್ರಶ್ನೆಯೂ ಬರುತ್ತದೆ. 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು. ಅದೇ ವರ್ಷದ ಫೆಬ್ರುವರಿ 9ರಿಂದ ಮೆಟ್ರೊದ ಗರಿಷ್ಠ ದರ 60 ರೂಪಾಯಿಗಳಿಂದ 90 ರೂಪಾಯಿಗಳಿಗೆ ಏರಿತು. ಬಸ್ಸಿನಲ್ಲಿ ಹಣವಿಲ್ಲದೆ ಸಾಗುವ ದುಡಿಯುವ ಮಹಿಳೆಗೆ ಮೆಟ್ರೊ ಹಣ ತೆರಬೇಕಾದ ದಾರಿ. ವೇಗದ ದಾರಿ ಮೇಲೆ ಹೋಗುತ್ತಿರುವಾಗ ಆಕೆ ಕೆಳಗಿನ ನಿಧಾನದ ದಾರಿಯಲ್ಲಿಯೇ ಉಳಿಯುವುದಕ್ಕೆ ಇದೊಂದು ಕಾರಣ.

ಮೆಟ್ರೊ ತಂದಿರುವ ಸಾಂಸ್ಕೃತಿಕ ಬದಲಾವಣೆಗಳಲ್ಲಿ ಎರಡನ್ನು ಉಲ್ಲೇಖಿಸಬೇಕು. ಒಂದು, ಧ್ವನಿಯ ಬದಲಾವಣೆ. ನಿರ್ವಾಹಕನ ಜೀವಂತ ಕೂಗಿನ ಸ್ಥಾನದಲ್ಲಿ ಮುದ್ರಿತ ಪ್ರಕಟಣೆ ಬಂದಿದೆ. ಆದರೂ ಜನ ಆ ಮುದ್ರಿತ ಧ್ವನಿಯನ್ನೂ ತಮ್ಮದಾಗಿಸಿಕೊಂಡರು. ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ಧ್ವನಿಯಾಗಿದ್ದ ನಿರೂಪಕಿ ಅಪರ್ಣಾ ಅವರು 2024ರ ಜುಲೈ 11ರಂದು ನಿಧನರಾದಾಗ, ಅವರನ್ನು ಕಂಡಿರದ ಪ್ರಯಾಣಿಕರೂ ಆ ಧ್ವನಿಯನ್ನು ನೆನೆದು ಮರುಗಿದರು. ಅಚ್ಚುಕಟ್ಟಾದ ಕನ್ನಡದಲ್ಲಿ ಊರುಗಳ ಹೆಸರನ್ನು ಪ್ರತಿದಿನ ಕೇಳುವುದು ಕನ್ನಡ ಬಾರದವರಿಗೂ ಒಂದು ಬಗೆಯ ಪಾಠವಾಗಿತ್ತು.

ಎರಡು, ಹೆಸರಿನ ಬದಲಾವಣೆ. ಹಳದಿ ಮಾರ್ಗದ ಮೂರು ನಿಲ್ದಾಣಗಳಲ್ಲಿ ಊರ ಹೆಸರಿನ ಮುಂದೆ ಸಂಸ್ಥೆಗಳ ಹೆಸರು ಸೇರಿದೆ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ನಿರ್ಮಾಣಕ್ಕೆ ಧನಸಹಾಯ ಮಾಡಿದವರ ಹೆಸರನ್ನು ಕೆತ್ತುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಕೆರೆ ಕಟ್ಟಿಸಿದವರ, ಅಗ್ರಹಾರ ಬಿಟ್ಟವರ ಹೆಸರುಗಳೇ ಊರ ಹೆಸರುಗಳಾಗಿ ನಿಂತಿವೆ. ಆ ದೃಷ್ಟಿಯಿಂದ ಕೋನಪ್ಪನ ಹೆಸರೂ ಹಾಗೆಯೇ ಬಂದಿರಬಹುದು. ಆದರೆ ಹಳೆಯ ಹೆಸರು ಜನರ ಬಳಕೆಯಲ್ಲಿ ತಲೆಮಾರುಗಳ ಕಾಲ ಸವೆದು ನಿಂತದ್ದು. ಹೊಸದು ಒಪ್ಪಂದದಿಂದ ಬಂದದ್ದು. ಉದ್ದದ ಹೆಸರನ್ನು ಜನ ಮೊಟಕುಗೊಳಿಸಿಯೇ ತೀರುತ್ತಾರೆ. ಮೊಟಕಾಗುವಾಗ ಉಳಿಯುವುದು ಮೊದಲ ಪದವೋ ಕೊನೆಯ ಪದವೋ ಎಂಬುದರ ಮೇಲೆ ಊರಿನ ಹೆಸರಿನ ಭವಿಷ್ಯ ನಿಂತಿದೆ.

ಆಗಬೇಕಾದ ಕೆಲಸ

ಕೈಯಲ್ಲಿರುವ ದೂರವಾಣಿಯ ನಕ್ಷೆಯೇ ದಾರಿ ತೋರಿಸುವಾಗ ಮೌಖಿಕ ಜ್ಞಾನದ ಅಗತ್ಯವೇನು ಎಂಬ ಪ್ರಶ್ನೆ ಸಹಜ. ನಕ್ಷೆ ದೂರವನ್ನೂ ಕಾಲವನ್ನೂ ಹೇಳುತ್ತದೆ. ಮಳೆ ಬಂದರೆ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಕತ್ತಲಾದ ಮೇಲೆ ಯಾವ ನಿಲ್ದಾಣದಲ್ಲಿ ಒಂಟಿಯಾಗಿ ಇಳಿಯಬಾರದು, ಕೊನೆಯ ಬಸ್ಸು ತಪ್ಪಿದರೆ ಯಾವ ಅಂಗಡಿಯ ಮುಂದೆ ನಿಂತರೆ ಜೊತೆ ಸಿಗುತ್ತದೆ ಎಂಬುದನ್ನು ಹೇಳುವವರು ಅಲ್ಲಿ ದಿನವೂ ಓಡಾಡುವ ಜನ. ವೃದ್ಧರು, ದೃಷ್ಟಿ ಸವಾಲುಳ್ಳವರು, ಓದು ಬಾರದವರು, ಹೊಸದಾಗಿ ನಗರಕ್ಕೆ ಬಂದ ಕೂಲಿಕಾರರು ಈ ನುಡಿಯುವ ನಕ್ಷೆಯನ್ನೇ ನಂಬಿದ್ದಾರೆ. ಅದು ಕಳೆದುಹೋದರೆ ಅವರ ಪಾಲಿಗೆ ನಗರದ ಒಂದು ಭಾಗವೇ ಮುಚ್ಚಿಹೋಗುತ್ತದೆ. ಆದಕಾರಣ ಇದು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮಂಡಿಸಬಹುದು. ನಿಲ್ದಾಣಗಳಿಗೆ ಹೆಸರಿಡುವಾಗ, ಬದಲಿಸುವಾಗ ಸ್ಥಳನಾಮ ತಜ್ಞರ ಅಭಿಪ್ರಾಯ ಪಡೆಯಬೇಕು. ಊರ ಹೆಸರು ಮೊದಲು ಬರುವಂತೆ ನೋಡಿಕೊಳ್ಳಬೇಕು. ನಿವೃತ್ತ ಚಾಲಕ-ನಿರ್ವಾಹಕರ ವೃತ್ತಿಭಾಷೆ ಹಾಗೂ ಅನುಭವ ಕಥನಗಳನ್ನು ಧ್ವನಿಮುದ್ರಿಸಿ ಸಂರಕ್ಷಿಸಬೇಕು. ಹಳೆಯ ಮಾರ್ಗಸೂಚಿ ಪುಸ್ತಿಕೆ, ಬಸ್ ಫಲಕ, ಟಿಕೆಟ್ಟುಗಳನ್ನು ಗ್ರಂಥಾಲಯಗಳು ಸ್ಥಳನಾಮದ ಆಕರಗಳೆಂದು ಪರಿಗಣಿಸಿ ಸಂಗ್ರಹಿಸಬೇಕು. ಬಸ್ಸುಗಳಲ್ಲಿ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಕೂಗಿ ಹೇಳುವ ಪದ್ಧತಿಯನ್ನು ಯಂತ್ರದಿಂದಾಗಲಿ ಬಾಯಿಂದಾಗಲಿ ಕಡ್ಡಾಯವಾಗಿ ಉಳಿಸಬೇಕು. ಬೇಗೂರಿನಂತಹ ಎರಡು ಮಾರ್ಗಗಳ ನಡುವಿನ ಊರುಗಳಿಗೆ, ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಅಡ್ಡಲಾಗಿ ಸಾಗುವ ಚಿಕ್ಕ ಬಸ್ಸುಗಳ ಸೇವೆಯನ್ನು ಹೆಚ್ಚಿಸಬೇಕು. ಇದು ವಾಸ್ತವವಾಗಿ ಬೆಂಪೂರು-12ರ ಹಳೆಯ ಹಾದಿಗಳಿಗೆ ಮತ್ತೆ ಜೀವ ತುಂಬುವ ಕೆಲಸವೇ ಆಗುತ್ತದೆ.

ಬೆಂಗಳೂರಿನ ಹೆಸರನ್ನು ಮೊತ್ತಮೊದಲು ಕಲ್ಲಿನಲ್ಲಿ ಬರೆದಿಟ್ಟುಕೊಂಡ ಊರು ಬೇಗೂರು. ಆ ಕಲ್ಲಿನ ಬರಹವನ್ನು ಕಾಪಾಡುವ ಹೊಣೆಯನ್ನು ಶಾಸನತಜ್ಞರೂ ಸ್ಥಳೀಯರೂ ಹೊತ್ತಿದ್ದಾರೆ. ಅದೇ ಸೀಮೆಯ ಬಾಯಿಮಾತಿನ ಹೆಸರುಗಳನ್ನು, ದಾರಿ ಹೇಳುವ ಕ್ರಮಗಳನ್ನು ದಾಖಲಿಸುವ ಹೊಣೆ ಜಾನಪದ ವಿದ್ವಾಂಸರದು. ಆ ನಿಟ್ಟಿನಲ್ಲಿ ವ್ಯವಸ್ಥಿತವಾದ ಕ್ಷೇತ್ರಕಾರ್ಯ ಬೇಗನೆ ಆರಂಭವಾಗಬೇಕಾದ ಅಗತ್ಯವಿದೆ.